ಪದಚರ್ಚೆ: ಮನುಷ್ಯನನ್ನು ‘ನುಂಗುವುದು’ – ಜಗಾಲೊ ಮಾತಿಗೆ ಕನ್ನಡ ಏನು?

ಗೆಳೆಯರೇ,

ಬ್ರೆಜಿಲ್‌ನ ಫುಟ್‌ಬಾಲ್ ಕೋಚ್ ಮಾರಿಯೊ ಜಗಾಲೊ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅವರ ಒಂದು ಪೋರ್ಚುಗೀಸ್ ಮಾತಿಗೆ ಸರಿಯಾದ ಕನ್ನಡ ಸಿಗುತ್ತಿಲ್ಲ. ‘ವೊಸೇಸ್ ವಾಂವ್ ತೇರ್ ಕೆ ಮಿ ಎಂಗೊಲೀರ್’. ಪದಕ್ಕೆ ಪದ ಇಟ್ಟರೆ ‘ನೀವು ನನ್ನನ್ನು ನುಂಗಲೇಬೇಕಾಗುತ್ತೆ’.

ಹಿನ್ನೆಲೆ ಗೊತ್ತಿಲ್ಲದೆ ಈ ಮಾತಿನ ಖಾರ ತಿಳಿಯುವುದಿಲ್ಲ. ಜಗಾಲೊ 1958 ಮತ್ತು 1962ರಲ್ಲಿ ಆಟಗಾರರಾಗಿ ವಿಶ್ವಕಪ್ ಗೆದ್ದವರು. 1970ರಲ್ಲಿ ಕೋಚ್ ಆಗಿಯೂ ಗೆದ್ದರು. ಎರಡೂ ಪಾತ್ರದಲ್ಲಿ ಗೆದ್ದ ಮೊದಲಿಗರು ಅವರೇ. ಆದರೂ 1970ರ ಗೆಲುವನ್ನು ಅವರ ಲೆಕ್ಕಕ್ಕೆ ಬರೆಯಲು ಎಷ್ಟೋ ಜನಕ್ಕೆ ಮನಸ್ಸು ಬರಲಿಲ್ಲ. ಅರ್ಹತಾ ಸುತ್ತಿನ ಆರೂ ಪಂದ್ಯ ಗೆಲ್ಲಿಸಿದ್ದು ಹಿಂದಿನ ಕೋಚ್ ಜೊವಾವ್ ಸಲ್ದಾನ್ಯ. ಅವರನ್ನು ಮಾರ್ಚ್‌ನಲ್ಲಿ ತೆಗೆದು ಜಗಾಲೊರನ್ನು ತಂದರು. ತಂಡದಲ್ಲಿ ಪೆಲೆ ಬೇರೆ ಇದ್ದರು. ಕೋಚ್ ಮಾಡಿದ್ದೇನು ಅನ್ನೋದು ವಾದ. ನನಗೆ ಇದು ಅನ್ಯಾಯ ಅನಿಸುತ್ತದೆ. ಮಧ್ಯದಲ್ಲಿ ಆಡುತ್ತಿದ್ದ ಪಿಯಾಜಾರನ್ನು ರಕ್ಷಣೆಗೆ ಇಳಿಸಿದ್ದು, ರಿವೆಲಿನೊರನ್ನು ಎಡಕ್ಕೆ ಹಾಕಿ ಪೆಲೆ, ತೊಸ್ತಾವ್ ಇಬ್ಬರನ್ನೂ ಒಟ್ಟಿಗೆ ಆಡಿಸಿದ್ದು ಸುಮ್ನೆ ಆದ ಕೆಲಸವಲ್ಲ.

ಮುಂದೆ ಜಗಾಲೊ ಮತ್ತೆ ಕೋಚ್ ಆಗಿದ್ದಾಗ, 1996ರ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ನೈಜೀರಿಯಾ ಎದುರು 4-3ರಿಂದ ಸೋತ ಮೇಲೆ ಟೀಕೆ ಜಾಸ್ತಿ ಆಯಿತು. ಮರುವರ್ಷ ಲಾ ಪಾಸ್‌ನಲ್ಲಿ ದಕ್ಷಿಣ ಅಮೆರಿಕ ದೇಶಗಳ ಟೂರ್ನಿ ಕೋಪಾ ಅಮೆರಿಕದ ಫೈನಲ್. ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರ, ಎದುರಾಳಿ ಆತಿಥೇಯ ಬೊಲಿವಿಯಾ. ಬ್ರೆಜಿಲ್ 3-1ರಿಂದ ಗೆದ್ದಿತು. ತನ್ನ ನೆಲದ ಹೊರಗೆ ಆ ಕಪ್ ಗೆದ್ದದ್ದು ಅದೇ ಮೊದಲು. ಆಗ 65ರ ಜಗಾಲೊ ಟೀವಿ ಕ್ಯಾಮೆರಾ ಕಡೆ ತಿರುಗಿ ಕೂಗಿದ ಮಾತು ಇದು. ಬ್ರೆಜಿಲ್‌ನಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ.

ಈಗ ನನ್ನ ತೊಡಕು. ಕನ್ನಡದಲ್ಲಿ ‘ನುಂಗು’ ಅಂದರೆ ನುಂಗಿದವನದೇ ಮೇಲುಗೈ. ದುಡ್ಡು ನುಂಗಿದ, ಕೆರೆ ನುಂಗಿದರು ಅನ್ನುತ್ತೇವೆ. ಮನುಷ್ಯನ ವಿಷಯಕ್ಕೆ ಬಂದರಂತೂ ‘ಅವನನ್ನು ನುಂಗಿ ನೀರು ಕುಡಿದರು’. ಹಾಗಾಗಿ ‘ನನ್ನನ್ನು ನುಂಗಲೇಬೇಕು’ ಎಂದು ಬರೆದರೆ ಜಗಾಲೊ ಬಲಿ ಆಗಲು ಹೊರಟ ಹಾಗೆ ಕೇಳುತ್ತದೆ. ಮೂಲದಲ್ಲಿ ಗೆದ್ದವರು ಅವರು!

‘ನುಂಗಿಕೊಳ್ಳು’ ಅಂದರೆ ಅರ್ಥ ಹತ್ತಿರ ಬರುತ್ತದೆ. ಕೋಪ ನುಂಗಿಕೊಂಡ, ಅವಮಾನ ನುಂಗಿಕೊಂಡಳು, ಮಾತು ನುಂಗಿಕೊಂಡರು. ಆದರೆ ಇಲ್ಲಿ ನುಂಗಿಕೊಳ್ಳುವುದು ನಮ್ಮೊಳಗಿನದ್ದನ್ನೇ, ಇನ್ನೊಬ್ಬ ಮನುಷ್ಯನನ್ನಲ್ಲ. ‘ನನ್ನನ್ನು ನುಂಗಿಕೊಳ್ಳಿ’ ಅನ್ನೋದನ್ನು ನಾನಂತೂ ಕೇಳಿಲ್ಲ.

‘ಅರಗಿಸಿಕೊಳ್ಳು’ ಆಗಬಹುದಾ? ಅವನ ಏಳಿಗೆಯನ್ನು ಅರಗಿಸಿಕೊಳ್ಳಲಾಗಲಿಲ್ಲ ಅನ್ನುತ್ತೇವಲ್ಲ. ಇಲ್ಲೂ ಎರಡು ತಕರಾರು. ಅರಗಿತು ಅಂದರೆ ಪೂರ್ತಿ ಒಗ್ಗಿತು ಎಂದು ಅರ್ಥ. ಜಗಾಲೊ ಅಷ್ಟು ಕೇಳಲಿಲ್ಲ, ಗಂಟಲು ದಾಟಿದರೆ ಸಾಕು ಎಂಬಂತೆ ಹೇಳಿದರು. ಜೊತೆಗೆ ಮನುಷ್ಯನನ್ನು ಅರಗಿಸಿಕೊಳ್ಳುವುದು ಎಂದ ಕೂಡಲೇ ಅಗಸ್ತ್ಯರ ಹೊಟ್ಟೆ ಸೇರಿದ ವಾತಾಪಿ ನೆನಪಾಗುತ್ತಾನೆ. ಅವನ ಕಥೆ ಅಲ್ಲಿಗೇ ಮುಗಿಯಿತು, ಅಲ್ವಾ?

‘ಸಹಿಸಿಕೊಳ್ಳಲೇಬೇಕು’ ಸಪ್ಪೆ. ‘ಇಷ್ಟ ಇರಲಿ ಬಿಡಲಿ, ಒಪ್ಪಿಕೊಳ್ಳಲೇಬೇಕು’ ಅಂದರೆ ಅರ್ಥ ಸರಿ, ಬಾಯಿ-ಗಂಟಲು ಬಿಟ್ಟುಹೋಗುತ್ತದೆ. ನಮ್ಮಲ್ಲಿ ‘ಬಿಸಿ ತುಪ್ಪ’ ಇದೆ, ಉಗುಳಲೂ ಆಗದು ನುಂಗಲೂ ಆಗದು. ಭಾವ ಚೆನ್ನಾಗಿ ಕೂರುತ್ತದೆ, ಆದರೆ ಬ್ರೆಜಿಲ್‌ನವರ ಬಾಯಲ್ಲಿ ತುಪ್ಪ ಇಡಲು ನನಗೆ ಧೈರ್ಯ ಸಾಲದು.

ಸದ್ಯಕ್ಕೆ ಬರೆದಿಟ್ಟಿರೋದು: ‘ಗಂಟಲಲ್ಲಿ ಇಳಿಯದಿದ್ದರೂ ನೀವು ನನ್ನನ್ನು ನುಂಗಲೇಬೇಕು!’ ಮೊದಲ ಎರಡು ಪದ ಇರುವುದರಿಂದ ಕಷ್ಟ ನುಂಗುವವರದು ಅನ್ನೋದು ಸ್ಪಷ್ಟವಾಗುತ್ತದೆ ಎಂದು ನನ್ನ ಎಣಿಕೆ. ಆದರೆ ಕೂಗಿ ಹೇಳುವ ಮಾತಿಗೆ ಇದು ಸ್ವಲ್ಪ ಉದ್ದ.

ಉತ್ತರ ಕರ್ನಾಟಕ, ಕರಾವಳಿ, ಕೊಡಗಿನ ಕಡೆಯವರು ದಯವಿಟ್ಟು ತಿಳಿಸಿ. ಮೆಚ್ಚದ ಮನುಷ್ಯನನ್ನು ವಿಧಿಯಿಲ್ಲದೆ ಒಪ್ಪಿಕೊಳ್ಳುವುದಕ್ಕೆ ನಿಮ್ಮಲ್ಲಿ ತಿನ್ನುವ, ನುಂಗುವ ಮಾತು ಯಾವುದಾದರೂ ಇದೆಯೇ?

ಇನ್ನೊಂದು ಸಣ್ಣ ಪ್ರಶ್ನೆ. 1994ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ಕೋಚ್ ಪರೇರಾ. ಜಗಾಲೊ ಅವರ ಜೊತೆ ಇದ್ದರು, ಹುದ್ದೆ ಬೇರೆ. ‘ತಾಂತ್ರಿಕ ಸಂಯೋಜಕ’ ಎಂದು ಬರೆದಿದ್ದೇನೆ. ಓದಿದರೆ ಯಂತ್ರ ರಿಪೇರಿಯವರ ಹಾಗೆ ಕೇಳುತ್ತದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.