ಯುವಿ ತಡೆಯುವ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೂಲಿಂಗ್ ಗ್ಲಾಸ್ ಬೇಡವೇ?

ಪ್ರಶ್ನೆ:
ನಮಸ್ಕಾರ. ನನ್ನದು ಮೋಜಣಿ ಕೆಲಸ. ಚಳ್ಳಕೆರೆ ಸುತ್ತಲಿನ ಬಯಲು ಹೊಲಗಳಲ್ಲಿ ದಿನವಿಡೀ ಬಿಸಿಲಿನಲ್ಲೇ ಇರುತ್ತೇನೆ. ಮೈನಸ್ 5 ಪವರ್ ಇರುವುದರಿಂದ 8 ವರ್ಷಗಳಿಂದ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಿದ್ದೇನೆ. ಹೋದ ತಿಂಗಳು ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಲೆನ್ಸ್ ಹಾಕುವುದರಿಂದ ಪೊರೆ ಬರುತ್ತದೆಯೇ? ಯುವಿ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ) ತಡೆಯುವ ಲೆನ್ಸ್ ಇದ್ದರೆ ಕೂಲಿಂಗ್ ಗ್ಲಾಸ್ ಬೇಕಿಲ್ಲವೆಂದು ಅಂಗಡಿಯವರು ಹೇಳಿದ್ದು ಸರಿಯೇ?

ಉತ್ತರ 1:
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕ, ಲೆನ್ಸ್ ಸೂಚಿಸುವ ಕೆಲಸ ನನ್ನದು. ಲೆನ್ಸ್‌ನಿಂದ ಪೊರೆ ಬರುತ್ತದೆಂಬ ಭಯ ಬೇಡ. ಲೆನ್ಸ್ ಕೂರುವುದು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ, ಪೊರೆ ಕಟ್ಟುವುದು ಪಾಪೆಯ ಹಿಂದಿರುವ ಸಹಜ ಮಸೂರದಲ್ಲಿ. ವಯಸ್ಸು, ಸಕ್ಕರೆ ಕಾಯಿಲೆ, ಧೂಮಪಾನ, ಸ್ಟೀರಾಯ್ಡ್ ಔಷಧಗಳ ಜೊತೆಗೆ ವರ್ಷಗಟ್ಟಲೆ ಬಿಸಿಲಿಗೆ ಕಣ್ಣೊಡ್ಡುವುದೂ ಅದಕ್ಕೆ ಕಾರಣಗಳಲ್ಲೊಂದು.

ಅಂಗಡಿಯವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬಿಸಿಲಿನ ಯುವಿಯಲ್ಲಿ ಯುವಿ-ಎ, ಯುವಿ-ಬಿ ಎಂಬ ಎರಡು ಬಗೆಗಳಿವೆ. ಮೊದಲ ದರ್ಜೆಯ ಯುವಿ ಲೆನ್ಸ್ ಯುವಿ-ಎ ಕಿರಣಗಳಲ್ಲಿ ಕನಿಷ್ಠ ಶೇ. 90ರಷ್ಟನ್ನೂ ಯುವಿ-ಬಿ ಕಿರಣಗಳಲ್ಲಿ ಶೇ. 99ರಷ್ಟನ್ನೂ ತಡೆಯುತ್ತದೆ, ಎರಡನೆಯ ದರ್ಜೆಯದು ಶೇ. 70 ಮತ್ತು 95; ಆದರೆ ಈ ಲೆಕ್ಕವೆಲ್ಲ ಲೆನ್ಸ್ ಮುಚ್ಚಿದಷ್ಟು ಜಾಗಕ್ಕೆ ಮಾತ್ರ. ರೆಪ್ಪೆಗಳೂ ಬಿಳಿಗುಡ್ಡೆಯ ಬಹುಭಾಗವೂ ಬಯಲಿಗೇ ಬಿದ್ದಿರುತ್ತವೆ. ಈ ಲೆನ್ಸ್ ಯುವಿ ಕನ್ನಡಕಕ್ಕೆ ಬದಲಿಯಲ್ಲವೆಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ತಯಾರಕರೇ ಮುದ್ರಿಸುತ್ತಾರೆ.

ಉತ್ತರ 2:
ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರನ್ನು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೀವಮಾನದಲ್ಲಿ ಕಣ್ಣಿಗೆ ಬಿದ್ದ ಯುವಿ-ಬಿ ಪ್ರಮಾಣ ಇಮ್ಮಡಿಯಾದಾಗ ಕಾರ್ಟಿಕಲ್ ಬಗೆಯ (ಮಸೂರದ ಹೊರಪದರದಲ್ಲಿ ಕಟ್ಟುವ) ಪೊರೆಯ ಅಪಾಯ 1.6 ಪಟ್ಟಾಗುವುದು ಕಂಡುಬಂದಿತ್ತು. ಆದ್ದರಿಂದ ನಿಮ್ಮಂಥ ಬಿಸಿಲಿನ ಕೆಲಸದವರು ಇದನ್ನು ಹಗುರವಾಗಿ ಕಾಣಬಾರದು.

ಹಾಗೆಂದು ಯುವಿ ಲೆನ್ಸ್ ವ್ಯರ್ಥವೆನ್ನುವಂತಿಲ್ಲ. ಕನ್ನಡಕದ ಕಡ್ಡಿಗೂ ಕೆನ್ನೆಗೂ ನಡುವಿನ ಸಂದಿನಿಂದ ಓರೆಯಾಗಿ ನುಗ್ಗುವ ಬೆಳಕನ್ನು ಕಾರ್ನಿಯಾ ಬಾಗಿಸಿ ಮೂಗಿನ ಕಡೆಯ ಅಂಚಿಗೆ ಒಟ್ಟುಗೂಡಿಸುತ್ತದೆ. ಕಾರ್ನಿಯಾವನ್ನು ಪೂರ್ತಿ ಮುಚ್ಚುವ ಮೆತ್ತನೆಯ ಲೆನ್ಸ್ ಅದನ್ನೂ ತಡೆಯಬಲ್ಲದು. ಎರಡೂ ಇರಲಿ, ಮೇಲೊಂದು ಅಗಲ ಅಂಚಿನ ಟೋಪಿಯೂ ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈಗಷ್ಟೇ ಲೆನ್ಸ್ ಡಬ್ಬಿಯ ನಾಲ್ಕೂ ಬದಿ ತಿರುಗಿಸಿ ನೋಡಿದೆ. ಪವರ್, ಬೇಸ್ ಕರ್ವ್ (ಲೆನ್ಸ್‌ನ ಬಾಗಿನ ಅಳತೆ), ಅವಧಿ ಮುಗಿಯುವ ದಿನಾಂಕ ಇವೆ, ಯುವಿಯ ಮಾತೇ ಇಲ್ಲ. ಇಷ್ಟು ವರ್ಷ ಬರಿಗಣ್ಣಿನಲ್ಲೇ ಬಿಸಿಲಿಗೆ ನಿಂತಂತಾಯಿತಲ್ಲ ಎಂದು ಸಂಕಟವಾಗುತ್ತಿದೆ. ಯುವಿ ಇರುವ ಬೇರೆ ಕಂಪನಿಯದನ್ನು ನೇರವಾಗಿ ಕೊಳ್ಳಬಹುದೇ?

ಉತ್ತರ 1:
ಬೇಡ. ಪವರ್ ಒಂದೇ ಇದ್ದರೂ ಲೆನ್ಸ್ ಕೂರುವ ಬಗೆ ಬೇರೆಯಾಗಬಹುದು. ಒಮ್ಮೆ ಹಾಕಿಸಿ ಪರೀಕ್ಷಿಸಿಕೊಂಡೇ ಕೊಳ್ಳಿ, ಅದೇ ದಿನ ಪಾಪೆ ಹಿಗ್ಗಿಸಿ ಮಸೂರವನ್ನೂ ನೋಡಿಸಿ. ಕೂಲಿಂಗ್ ಗ್ಲಾಸನ್ನು ಗಾಜಿನ ಕಪ್ಪು ನೋಡಿ ಆರಿಸದೆ, ‘ಯುವಿ 400’ (400 ನ್ಯಾನೊಮೀಟರ್ ತರಂಗಾಂತರದವರೆಗಿನ ಯುವಿ ತಡೆಯುತ್ತದೆಂಬ ಗುರುತು) ಎಂದಿದೆಯೇ ನೋಡಿ; ಯುವಿ ತಡೆಯದ ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿ, ಒಳಗೆ ಹೋಗುವ ಕಿರಣಗಳು ಹೆಚ್ಚಾಗಬಹುದು.