ಪದಚರ್ಚೆ: ಕ್ಲಬ್ಬಿಂದ ಕ್ಲಬ್ಬಿಗೆ ಹೋಗ್ತಾನೇ ಇರೋ ಸ್ಟ್ರೈಕರ್‌ಗೆ ಕನ್ನಡದಲ್ಲಿ ಏನಂತೀವಿ? (ಇವತ್ತೇ ಬೇಕು)

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅರ್ಜೆಂಟು. ನಮ್ಮೂರಿನ ಒಂದು ಹೈಸ್ಕೂಲ್ ಲೈಬ್ರರಿಲಿ ಕ್ರೀಡಾ ಮೂಲೆ ಅಂತ ಮಾಡ್ತಿದಾರೆ, ಗೋಡೆ ಮೇಲೆ ಫ್ಲೆಕ್ಸು ಹಾಕ್ತಾರಂತೆ, ಇಂಗ್ಲಿಷ್ ಬರಹ ಕೊಟ್ಟು ಕನ್ನಡ ಮಾಡಿಕೊಡಿ ಅಂದ್ರು. ಉಳಿದದ್ದೆಲ್ಲ ಮುಗೀತು, ಉರುಗ್ವೆಯ ಫುಟ್‌ಬಾಲ್ ಆಟಗಾರ ಸೆಬಾಸ್ಟಿಯನ್ ಅಬ್ರೂ ಒಬ್ಬನ ಫ್ಲೆಕ್ಸ್ ಮಾತ್ರ ತಲೆಬರಹದಲ್ಲೇ ನಿಂತಿದೆ. ಇಂಗ್ಲಿಷಲ್ಲಿ ‘ಜರ್ನಿಮ್ಯಾನ್ ಫಾರ್ವರ್ಡ್’ ಅಂತಿದೆ, ಫಾರ್ವರ್ಡ್ ಅಂದ್ರೆ ಮುಂದೆ ನಿಂತು ಗೋಲ್ ಹೊಡೆಯೋ ಸ್ಟ್ರೈಕರ್. ಆಸಾಮಿ 11 ದೇಶಗಳಲ್ಲಿ 30ಕ್ಕೂ ಹೆಚ್ಚು ಕ್ಲಬ್ಬಿಗೆ ಆಡಿದಾನೆ, 2017ರ ಕೊನೇಲಿ ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು 26ನೇ ಕ್ಲಬ್ಬು, ಅದಕ್ಕೆ ಗಿನ್ನೆಸ್ ದಾಖಲೆ ಕೊಟ್ರು, ಅದಾದ ಮೇಲೂ ನಿಲ್ಲಿಸದೆ 2021ರ ತನಕ ಆಡಿದ. ನಾನು ‘ಅಲೆಮಾರಿ ಮುಂಚೂಣಿ ಆಟಗಾರ’ ಅಂತ ಹಾಕಿದೀನಿ, ಯಾಕೋ ಹಿಡಿಸ್ತಿಲ್ಲ. ಫ್ಲೆಕ್ಸ್ ಅಂಗಡಿಯವನು ಸಂಜೆ ಐದಕ್ಕೆ ಫೈಲ್ ಕಳಿಸಿ ಅಂದಿದಾನೆ. ಚುಟುಕಾಗಿರಲಿ, ಎಂಟನೇ ಕ್ಲಾಸಿನ ಮಕ್ಕಳಿಗೆ ಅರ್ಥ ಆಗ್ಬೇಕು.

ಹಳೆ ಮೇಷ್ಟ್ರು:
ಮುಂಚೂಣಿ ತಪ್ಪು. ಚೂಣಿ ಅಂದರೇನೇ ಸೈನ್ಯದ ಮುಂಭಾಗ, ಹಳೆ ಕಾವ್ಯಗಳ ಯುದ್ಧವರ್ಣನೆ ತೆಗೆದು ನೋಡಿ. ಅದಕ್ಕೆ ಮತ್ತೆ ‘ಮುನ್’ ಅಂಟಿಸಿದ್ದು ಪತ್ರಿಕೆಯವರ ಪ್ರತಾಪ. ಪುನರುಕ್ತಿ. ಇನ್ನು ನಿಮ್ಮ ಜರ್ನಿಮ್ಯಾನ್‌ಗೂ ಪ್ರಯಾಣಕ್ಕೂ ಸಂಬಂಧವೇ ಇಲ್ಲ, ಅಲೆಮಾರಿ ಹೇಗೆ ಬಂತು? ಆ ಪದದ ಬೇರು ಫ್ರೆಂಚಿನ ‘ಜೂರ್ನೆ’, ಅಂದರೆ ಒಂದು ಹಗಲು, ಒಂದು ಹಗಲಿನ ದುಡಿತ. ಕಸುಬು ಕಲಿತು ಮುಗಿಸಿದ, ಆದರೆ ಸ್ವಂತ ಅಂಗಡಿ ಇಲ್ಲದ, ದಿನದ ಲೆಕ್ಕದಲ್ಲಿ ಇನ್ನೊಬ್ಬರ ಹತ್ತಿರ ದುಡಿಯುವ ಕಸುಬುದಾರ. ಕನ್ನಡದಲ್ಲಿ ಪದ ಸಿದ್ಧವಾಗಿದೆ: ದಿನಗೂಲಿ. ಚರ್ಚೆಗೆ ಏನೂ ಉಳಿದಿಲ್ಲ.

ಬೆಣ್ಣೆದೋಸೆ:
ಮೇಷ್ಟ್ರೇ, ‘ದಿನಗೂಲಿ ಆಟಗಾರ’ ಅಂತ ಗೋಡೆ ಮೇಲೆ ಹಾಕಿದ್ರೆ ಪಾಪ ಗತಿ ಇಲ್ಲದವನು ಅನ್ಕೋತಾರೆ ಮಕ್ಕಳು.

ನುಡಿವಣಿಗ:
ಮೇಶ್ಟ್ರು ಹೇಳಿದ ‘ದಿನಗೂಲಿ’ಲಿ ದಿನ ಸಕ್ಕದ (ಸಂಸ್ಕ್ರುತ), ಕೂಲಿ ಕನ್ನಡ. ಅರಿಸಮಾಸ ಅಂತ ಇದೇ ಗುಂಪಲ್ಲಿ ಬೇರೆಯವರಿಗೆ ಬಯ್ದವರು ಇವರೇ. ಹಗಲಾಳು ಅನ್ನಿ, ಎರಡೂ ನಮ್ಮವು. ಆದರೆ ಇಲ್ಲಿ ಬೇಕಿರೋದು ಸುತ್ತೋ ಗುಣ, ಕೂಲಿ ಅಲ್ಲ. ನನ್ನ ಪದ: ಊರಲೆಗ ಮುನ್ನಾಟಗಾರ. ಅಲೆ+ಇಗ=ಅಲೆಗ. ಮುಂದೆ ನಿಂತು ಆಡುವವ ಮುನ್ನಾಟಗಾರ. ಸ್ಟ್ರಯ್ಕರ್, ಪಾರ್ವರ್ಡ್ ಎಲ್ಲ ಯಾಕೆ ಹೊತ್ಕೊಂಡು ತಿರುಗಬೇಕು ಕನ್ನಡಿಗರು.

ಹಳೆ ಮೇಷ್ಟ್ರು:
ಬಿರುದುಗಳಿಗೆ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಇದೂ ಬಿರುದೇ. ಮಹಾಪ್ರಾಣ ಬರೆಯಲು ಬರದವರು ಸಮಾಸದ ಪಾಠ ಹೇಳಬೇಡಿ.

ನುಡಿವಣಿಗ:
ಬರೆಯಲು ಬರದೆ ಅಲ್ಲ, ಬೇಡ ಅಂತ ಬಿಟ್ಟಿದ್ದು. ವ್ಯತ್ಯಾಸ ಇದೆ.

ಕುಡ್ಲದವ:
ಎಂತ ಮಾರಾಯ್ರೆ, ಆಟಗಾರ ಯಾರು ಎಂತ ಅಂತ ನೋಡದೆ ಪದ ಕಟ್ಟುದಾ? ಇಂಗ್ಲಿಷಲ್ಲಿ ಜರ್ನಿಮ್ಯಾನ್ ಅಂತ ಹೇಳಿದ್ರೆ ಅದರಲ್ಲಿ ಸಣ್ಣ ಕೊಂಕು ಉಂಟು. ಕೆಲಸ ಬರ್ತದೆ, ತಂಡದಲ್ಲಿ ಇದ್ರೆ ಅಡ್ಡಿ ಇಲ್ಲ, ಹೋದ್ರೆ ಯಾರೂ ಅಳುದಿಲ್ಲ, ಅಂಥವನು. ಅಬ್ರೂ ಅಂಥವನಾ? 2010ರ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್, ಜೊಹಾನ್ಸ್‌ಬರ್ಗ್, ಎದುರಿಗೆ ಘಾನಾ. ಎಕ್ಸ್‌ಟ್ರಾ ಟೈಮಿನ ಕೊನೇ ಗಳಿಗೆಯಲ್ಲಿ ಉರುಗ್ವೆಯ ಸುವಾರೆಸ್ ಗೋಲ್ ಗೆರೆ ಮೇಲೆ ನಿಂತು ಕೈಯಲ್ಲಿ ಚೆಂಡು ತಡೆದ, ರೆಡ್ ಕಾರ್ಡ್, ಘಾನಾದ ಜ್ಯಾನ್ ಪೆನಾಲ್ಟಿಯನ್ನು ಗೋಲಿನ ಅಡ್ಡಕಂಬಕ್ಕೆ ಹೊಡೆದ, ಅದೆಲ್ಲ ಎಲ್ಲರಿಗೂ ನೆನಪುಂಟು. ಮತ್ತೆ ಶೂಟೌಟ್. ಕೊನೇ ಕಿಕ್ಕಿಗೆ ಬಂದದ್ದು ಬೆಂಚಿಂದ ಇಳಿದಿದ್ದ ಈ 13ನೇ ನಂಬರಿನ ಜನ. ಅದನ್ನು ಹಾಕಿದ್ರೆ ಉರುಗ್ವೆ 1970ರ ನಂತರ ಮೊದಲ ಸಲ ಸೆಮಿಫೈನಲಿಗೆ. ಇವ ಎಂತ ಮಾಡಿದ ಗೊತ್ತುಂಟಾ, ಜೋರಾಗಿ ಓಡಿ ಬಂದು ಚೆಂಡಿನ ಅಡಿಗೆ ಮೆಲ್ಲ ತಾಗಿಸಿ ನಡುವಿಗೇ ತೇಲಿಸಿಬಿಟ್ಟ, ಕೀಪರ್ ಆಗಲೇ ಪಕ್ಕಕ್ಕೆ ಹಾರಿ ಆಗಿತ್ತು. ಪನೆಂಕಾ ಅಂತ ಹೇಳ್ತಾರೆ ಅದಕ್ಕೆ, 1976ರ ಯುರೋ ಫೈನಲಲ್ಲಿ ಚೆಕೊಸ್ಲೊವಾಕಿಯಾದ ಪನೆಂಕಾ ಹೊಡೆದದ್ದರಿಂದ ಬಂದ ಹೆಸರು. ಅಬ್ರೂ ಹುಟ್ಟಿದ್ದೂ 1976ರಲ್ಲೇ, ಮಿನಾಸ್ ಅಂತ ಊರಲ್ಲಿ. ಆ ವರ್ಲ್ಡ್ ಕಪ್ಪಿಗೆ ಮೊದಲು, 2010ರ ಏಪ್ರಿಲ್‌ನಲ್ಲಿ, ಬ್ರೆಜಿಲಿನ ಬೊಟಾಫೊಗೊ ಕ್ಲಬ್ಬಿಗೆ ಆಡ್ತಾ ರಿಯೊದ ಮರಕಾನಾ ಮೈದಾನದಲ್ಲಿ ಫ್ಲಮೆಂಗೊ ಎದುರು ಫೈನಲಲ್ಲಿ ಇದೇ ಕಿಕ್ ಹಾಕಿದ್ದ, ಇಡೀ ರಿಯೊ ನೋಡಿತ್ತು, ಆದ್ರೂ ಮತ್ತೆ ಅದನ್ನೇ ಹಾಕಿದ. ‘ಎಲ್ ಲೋಕೊ’, ಹುಚ್ಚ, ಅಂತ ಅಡ್ಡಹೆಸರು ಸುಮ್ಮನೆ ಅಲ್ಲ. ಇಂಥವನಿಗೆ ದಿನಗೂಲಿ, ಹಗಲಾಳು ಅಂತೆಲ್ಲ ಹೇಳಿದ್ರೆ ಆಟ ನೋಡಿದವರು ನಗ್ತಾರೆ.

ಮತ್ತೆ ಮೇಷ್ಟ್ರ ಜೂರ್ನೆ ಕತೆ. ಪದ ಹಗಲಿಂದ ಬಂದದ್ದು ಹೌದು. ಆದ್ರೆ ಜರ್ಮನಿಯಲ್ಲಿ ಬಡಗಿ, ಗಾರೆ ಕೆಲಸದ ಹುಡುಗರು ಕಸುಬು ಕಲಿತಾದ ಮೇಲೆ ಮೂರು ವರ್ಷ ಒಂದು ದಿನ ಊರು ಬಿಟ್ಟು ತಿರುಗ್ಬೇಕು ಅಂತ ಕಟ್ಟಳೆ ಇತ್ತು, ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವ ಹಾಗಿಲ್ಲ, ಈಗಲೂ ಕೆಲವರು ಹೋಗ್ತಾರೆ. ಪ್ರಯಾಣಕ್ಕೆ ಸಂಬಂಧವೇ ಇಲ್ಲ ಅಂತ ಹೇಗೆ ಹೇಳುದು?

ಹಳೆ ಮೇಷ್ಟ್ರು:
ಅದು ಜರ್ಮನ್ ಸಂಪ್ರದಾಯ. ಪದ ಇಂಗ್ಲಿಷಿನದು. ಬೆರೆಸಬೇಡಿ.

ಹುಬ್ಬಳ್ಳಿ ಮಂದಿ:
ನಮಸ್ಕಾರ್ರಿ. ಜಗಳ ಬಿಟ್ಟು ಪದ ನೋಡ್ರಿ. ‘ನಾಡಾಡಿ’ ಅಂತ ಚೊಲೋ ಹಳೇ ಪದ ಅದ, ನಾಡೆಲ್ಲ ಆಡಿ ಬಂದಾಂವ. ಆಟಗಾರಗ ‘ಆಡಿ’ ಅಂಬೋದೂ ಕೂಡಿ ಬರ್ತದ. ಮೂರಕ್ಷರ, ಫ್ಲೆಕ್ಸಿನ್ಯಾಗ ದೊಡ್ಡದಾಗಿ ಕೂಡ್ತದ.

ಹಳೆ ಮೇಷ್ಟ್ರು:
ನಾಡಾಡಿ ಅಂದರೆ ಸಾಮಾನ್ಯ, ಸಾಧಾರಣ. ‘ನಾಡಾಡಿ ಮನುಷ್ಯ’ ಅಂದರೆ ಹತ್ತರಲ್ಲಿ ಹನ್ನೊಂದು. ನಿಘಂಟು ತೆಗೆಯಿರಿ.

ಕುಡ್ಲದವ:
ಹಾಗಾದ್ರೆ ಅದೇ ಸರಿಯಾದ ಪದ! ಸುತ್ತುವವನೂ ಹೌದು, ಸಾಧಾರಣದವನೂ ಹೌದು, ಇಂಗ್ಲಿಷ್ ಜರ್ನಿಮ್ಯಾನ್‌ನ ಎರಡೂ ಅರ್ಥ ಒಂದರಲ್ಲೇ ಬಂತು. ಹುಬ್ಬಳ್ಳಿಯವರಿಗೆ ಒಂದು ಸೋಡಾ ಶರಬತ್ತು ನನ್ನ ಲೆಕ್ಕದಲ್ಲಿ. ಆದ್ರೆ ಅಬ್ರೂಗೆ ಹಾಕ್ಬೇಡಿ. ಬೇರೆ ಯಾರಿಗಾದ್ರೂ ಇಟ್ಟುಕೊಳ್ಳಿ.

ಬೆಣ್ಣೆದೋಸೆ:
ಎಲ್ಲ ಸರಿ ಸ್ವಾಮಿ, ಟೈಮ್ ಎರಡೂವರೆ ಆಯ್ತು. ನಾಡಾಡಿ ನನಗೂ ಇಷ್ಟ ಆಯ್ತು, ಆದ್ರೆ ಮಕ್ಕಳು ‘ಬೀಡಾಡಿ’ ಅಂತ ಓದ್ಕೊಳ್ತಾರೆ, ಬೀಡಾಡಿ ದನ ಅಂತ ಪೇಪರಲ್ಲಿ ದಿನಾ ಬರುತ್ತಲ್ಲ. ಅಲೆಮಾರಿ ಅಂತೂ ಕೈಬಿಟ್ಟೆ, ಆ ಶಾಲೆಯ ಟೀಚರೇ ಫೋನ್ ಮಾಡಿ ಹೇಳಿದ್ರು, ಸರ್ಕಾರದ ಪಟ್ಟಿಲಿ ಅಲೆಮಾರಿ ಅರೆಅಲೆಮಾರಿ ಅಂತ ಸಮುದಾಯಗಳಿವೆ, ಆ ಮನೆಗಳ ಮಕ್ಕಳು ನಮ್ಮಲ್ಲೇ ಓದ್ತಾರೆ, ಉಳಿದವರು ಅದನ್ನ ಆಡ್ಕೊಂಡು ನಗೋದು ಬೇಡ ಅಂತ. ಅದು ಸರಿ ಅನ್ನಿಸ್ತು. ಸ್ಪ್ಯಾನಿಷಲ್ಲಿ ಏನಂತಾರೆ ಇವನಿಗೆ, ಅದಾದ್ರೂ ಗೊತ್ತಾದ್ರೆ ದಾರಿ ಸಿಗಬಹುದು.

ಕುಡ್ಲದವ:
‘ಟ್ರೋಟಾಮುಂಡೋಸ್’. ಲೋಕವೆಲ್ಲ ಓಡಾಡಿದವ. ಕೊಂಕಿಲ್ಲ ಅದರಲ್ಲಿ, ಸ್ವಲ್ಪ ಪ್ರೀತಿಯೇ ಉಂಟು.

ಇವನ ದಾರಿ ನೋಡಿದ್ರೆ ಪೂರ್ತಿ ಇವನ ಮರ್ಜಿಯೂ ಅಲ್ಲ. ಮೊಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗಲ್ಲಿ ಶುರು, ಅರ್ಜೆಂಟೀನಾದ ಸ್ಯಾನ್ ಲೊರೆಂಜೊ, ಅಲ್ಲಿಂದ 1998ರಲ್ಲಿ ಸ್ಪೇನಿನ ಡೆಪೋರ್ಟಿವೊ ಲಾ ಕೊರುನ್ಯಾ. ಅವರು ಸ್ವಲ್ಪ ದಿನ ಆಡಿಸಿ ಮತ್ತೆ ವರ್ಷಗಟ್ಟಲೆ ಲೋನ್ ಮೇಲೆ ಊರೂರಿಗೆ ಕಳಿಸಿದ್ರು, ಬ್ರೆಜಿಲಿನ ಗ್ರೇಮಿಯೊ, ಮೆಕ್ಸಿಕೊದ ಟೆಕೋಸ್, ಮತ್ತೆ ಸ್ಯಾನ್ ಲೊರೆಂಜೊ, ಊರಿನ ನಾಸಿಯೊನಾಲ್, ಕ್ರೂಸ್ ಅಜುಲ್. ಕಾಗದದಲ್ಲಿ ಒಂದು ಕ್ಲಬ್ಬಿನವ, ಗೋಲ್ ಹೊಡೆಯುದು ಇನ್ನೊಂದಕ್ಕೆ. 2002ರಲ್ಲಿ ಕ್ರೂಸ್ ಅಜುಲಿಗೆ ಆಡ್ತಾ ಮೆಕ್ಸಿಕೊ ಲೀಗಿನ ಟಾಪ್ ಸ್ಕೋರರ್ ಆಗಿದ್ದ. ಮೆಕ್ಸಿಕೊದ್ದೇ ಕುಲಿಯಾಕಾನಿನ ಡೊರಾಡೋಸಲ್ಲಿ ಇದ್ದಾಗ ತಂಡದಲ್ಲಿ ಜೊತೆಗಿದ್ದವ ಯಾರು ಹೇಳಿ? ಮುಂದೆ ಕೋಚ್ ಆಗಿ ದೊಡ್ಡ ಹೆಸರು ಮಾಡಿದ ಪೆಪ್ ಗಾರ್ಡಿಯೊಲಾ, ಆಟಗಾರನಾಗಿ ಕೊನೇ ದಿನಗಳು ಅವನದ್ದು. ಆ ತಂಡ 2006ರಲ್ಲಿ ಕೆಳಗಿನ ಡಿವಿಜನಿಗೆ ಬಿತ್ತು, ಅದು ಬೇರೆ ಮಾತು. ಮತ್ತೆ ರಿವರ್ ಪ್ಲೇಟ್, ಇಸ್ರೇಲಿನ ಬೇತಾರ್ ಜೆರುಸಲೇಂ, ರಿಯಲ್ ಸೊಸಿಯೆದಾದ್, ಗ್ರೀಸಿನ ಆರಿಸ್. ವಯಸ್ಸಾದ ಮೇಲೆ ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್, ಚಿಲಿ ಅಂತ ತಿರುಗಿದ್ದು ಮಾತ್ರ ಬಹುಶಃ ಬೇಕಂತಲೇ. ಇವನಿಗಿಂತ ಮೊದಲು ದಾಖಲೆ ಇದ್ದದ್ದು ಜರ್ಮನಿಯ ಗೋಲ್‌ಕೀಪರ್ ಲುಟ್ಸ್ ಫಾನೆನ್‌ಸ್ಟೀಲ್ ಹೆಸರಲ್ಲಿ, 25 ಕ್ಲಬ್. ನಂಗೆ ಕೇಳಿದ್ರೆ ಕೀಪರಿಗೆ ಹಾಗೆ ತಿರುಗುದು ಸುಲಭ. ಫಾರ್ವರ್ಡ್ ಗೋಲ್ ಹೊಡೀದಿದ್ರೆ ಮುಂದಿನ ಊರಲ್ಲಿ ಯಾರು ಕರೀತಾರೆ?

ಹುಬ್ಬಳ್ಳಿ ಮಂದಿ:
ಲೋನ್ ಅಂತ ಯಾಕ ಬರೀತೀರಿ, ‘ಎರವಲು’ ಅನ್ರಿ. ಪೇಪರಿನ್ಯಾಗೂ ಹಂಗ ಬರ್ತದ.

ನುಡಿವಣಿಗ:
ಆಟಗಾರನನ್ನ ಎರವಲು ಕೊಟ್ಟರೆ ವಾಪಸು ಬರ್ತಾನೆ. ಪದ ಎರವಲು ತಂದವರು ಯಾವತ್ತು ವಾಪಸು ಕೊಟ್ಟಿದಾರೆ? ಪೆನಾಲ್ಟಿ, ಕಿಕ್, ಶೂಟವ್ಟ್, ಕೀಪರ್, ಟಾಪ್ ಸ್ಕೋರರ್. ಮೇಲಿನ ಪತ್ರದಲ್ಲಿ ಕನ್ನಡ ಅಂತ ಉಳಿದಿರೋದು ವಿಬಕ್ತಿ ಒಂದೇ.

ಹುಬ್ಬಳ್ಳಿ ಮಂದಿ:
ಉಳೀಲಿ ಬಿಡ್ರಿ, ವಿಭಕ್ತಿ ಇದ್ರ ಭಾಷಾ ಬದುಕ್ತದ. ನಮ್ಮ ಕಡೆ ತಿಂಗಳಾದ್ರ ‘ಪಗಾರ’ ಆತೇನು ಅಂತ ಕೇಳ್ತಾರ, ಅದು ಪೋರ್ಚುಗೀಸ್ ಪದ ಅಂತ ಯಾರ ತಲಿಗೂ ಬರೂದಿಲ್ಲ. ನಿಮ್ಮ ಅಬ್ರೂ ಬ್ರೆಜಿಲಿನ್ಯಾಗ ಆಡಿದಾಗ ಅವನ ಪಗಾರಕ್ಕ ಅವರೂ ಅದ ಪದದ ದಾಯಾದಿ ಬಳಸಿರ್ತಾರ. ಚಾವಿ, ಮೇಜು, ಸಾಬೂನು ಎಲ್ಲಾ ವಾಪಸ್ ಕೊಡ್ತೀರೇನು?

ನುಡಿವಣಿಗ:
ಬಂದದ್ದು ಬಂತು. ಹೊಸದಾಗಿ ತರೋದು ಯಾಕೆ ಅಂತ ಕೇಳ್ತಿರೋದು. ಕೂಲಿ ನೋಡಿ, ನಮ್ಮ ಪದ, ಇಂಗ್ಲೀಶರೇ ಹೊತ್ತುಕೊಂಡು ಹೋದರು. ಕೊಡೋ ತಾಕತ್ತು ಇರೋ ನುಡಿ ಇದು.

ಹಳೆ ಮೇಷ್ಟ್ರು:
ಇಂಗ್ಲಿಷಿನ ಕೂಲಿ ಗುಜರಾತಿನ ಕೋಳಿ ಜನಾಂಗದ ಹೆಸರಿಂದ ಬಂತೆಂಬ ವಾದವೂ ಇದೆ, ತಮಿಳಿನಿಂದ ಎಂಬ ವಾದವೂ ಇದೆ. ಕನ್ನಡದಿಂದಲೇ ಹೋಯಿತು ಎಂದು ಎದೆ ತಟ್ಟಿಕೊಳ್ಳುವಷ್ಟು ಆಧಾರ ಇಲ್ಲ. ಅಭಿಮಾನ ಬೇರೆ, ವ್ಯುತ್ಪತ್ತಿ ಬೇರೆ.

ಬೆಣ್ಣೆದೋಸೆ:
ದಯವಿಟ್ಟು ಕೂಲಿ ಬಿಡಿ ಯಾರಾದ್ರೂ. ಇನ್ನೊಂದು ತಲೆನೋವು: ಹೆಡ್‌ಮಾಸ್ಟರ್ ಕೇಳಿದ್ರು, ಸುನಿಲ್ ಛೆಟ್ರಿ ಫ್ಲೆಕ್ಸಿಗೂ ಇದೇ ಪದ ಹಾಕಬಹುದಾ, ಅವನೂ ಸುಮಾರು ಕ್ಲಬ್ಬು ತಿರುಗಿದಾನಲ್ಲ ಅಂತ.

ಕುಡ್ಲದವ:
ಬೇಡ. ತಿರುಗಿದ್ದು ಹೌದು, ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, ಚಿರಾಗ್, ಪೋರ್ಚುಗಲಿನ ಸ್ಪೋರ್ಟಿಂಗ್ ಬಿ ತಂಡ, ಚರ್ಚಿಲ್ ಬ್ರದರ್ಸ್. ಆದ್ರೆ 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದವ ಅಲ್ಲೇ ಬೇರು ಬಿಟ್ಟ, ನಡುವೆ ಮುಂಬೈಗೆ ಎರವಲು ಹೋದದ್ದು ಬಿಟ್ರೆ. ಎಂಟು ಹತ್ತು ವರ್ಷ ಒಂದೇ ಕ್ಲಬ್ಬಿನ ಕ್ಯಾಪ್ಟನ್ ಆದವನಿಗೆ ಈ ಪದ ಕೂರುದಿಲ್ಲ. ಅಬ್ರೂ ಎಲ್ಲೂ ಹಾಗೆ ಕೂರಲೇ ಇಲ್ಲ, ಬೊಟಾಫೊಗೊದಲ್ಲಿ ಎರಡು ಎರಡೂವರೆ ವರ್ಷ ಇದ್ದದ್ದೇ ಅವನ ಲೆಕ್ಕದಲ್ಲಿ ದೊಡ್ಡ ಸಂಸಾರ. ಉರುಗ್ವೆ ಜೆರ್ಸಿ ಒಂದು ಬದಲಾಗಲಿಲ್ಲ ನೋಡಿ, 2011ರಲ್ಲಿ ಕೋಪಾ ಅಮೆರಿಕ ಗೆದ್ದ ತಂಡದಲ್ಲೂ ಇದ್ದ.

ನಿಮಗೆ ಪದವೇ ಬೇಕು ಅಂತ ಯಾಕೆ ಹಟ? ‘ಕಾಲಿಗೆ ಚಕ್ರ ಕಟ್ಟಿಕೊಂಡವ’ ಅಂತ ಮನೆಯಲ್ಲಿ ಅಜ್ಜಿಯಂದಿರೇ ಹೇಳ್ತಾರೆ. ಎಂಟನೇ ಕ್ಲಾಸಿನವರಿಗೂ ಗೊತ್ತು. ಕಾಲಲ್ಲಿ ಆಡುವ ಆಟ ಬೇರೆ.

ಹಳೆ ಮೇಷ್ಟ್ರು:
ಅದು ನುಡಿಗಟ್ಟು, ಪಾರಿಭಾಷಿಕ ಪದ ಅಲ್ಲ. ಕೇಳಿದ್ದು ಪದ.

ಬೆಣ್ಣೆದೋಸೆ:
ನಾನು ಕೇಳಿದ್ದು ಫ್ಲೆಕ್ಸಿಗೆ ಮೇಷ್ಟ್ರೇ, ನಿಘಂಟಿಗಲ್ಲ. ಇದನ್ನೇ ಇಟ್ಕೊಂಡೆ. ಫೈಲಲ್ಲಿ ಹೀಗಿದೆ:

‘ಕಾಲಿಗೆ ಚಕ್ರ ಕಟ್ಟಿಕೊಂಡ ಸ್ಟ್ರೈಕರ್. ಸೆಬಾಸ್ಟಿಯನ್ ಅಬ್ರೂ, ಉರುಗ್ವೆ. 11 ದೇಶ, 30ಕ್ಕೂ ಹೆಚ್ಚು ಕ್ಲಬ್, ಬೆನ್ನ ಮೇಲೆ ನಂಬರ್ 13. 2010ರ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧದ ಕೊನೆಯ ಪೆನಾಲ್ಟಿಯನ್ನು ಮೆಲ್ಲಗೆ ತೇಲಿಸಿ ಗೋಲಿಗೆ ಸೇರಿಸಿದವನು.’

ಕಾಗುಣಿತ ತಪ್ಪಿದ್ರೆ ಹೇಳಿ. ಪದ ಬದಲಿಸಿ ಅಂತ ಮಾತ್ರ ಯಾರೂ ಹೇಳ್ಬೇಡಿ.

ನುಡಿವಣಿಗ:
ಚಕ್ರ ಸಕ್ಕದ. ಗಾಲಿ ಅನ್ನಿ. ಸ್ಟ್ರಯ್ಕರ್ ಅನ್ನೋದನ್ನ ಕೊನೆಗೂ ಉಳಿಸ್ಕೊಂಡಿರಿ.

ಹುಬ್ಬಳ್ಳಿ ಮಂದಿ:
ಕಾಲಿಗೆ ಗಾಲಿ ಕಟ್ಟಿದ್ರ ಬಂಡಿ ಆಗ್ತದ್ರಿ.

ಬೆಣ್ಣೆದೋಸೆ:
ಪ್ರಿಂಟಿಗೆ ಹೋಯ್ತು.

ನುಡಿವಣಿಗ:
‘ಪ್ರಿಂಟು’ ಅಲ್ಲ, ಅಚ್ಚು.