ಬಿಂಗೊ ಆಟದಲ್ಲಿ ಕೊನೆಯ ಸಂಖ್ಯೆ ಏಕೆ ಬರುವುದಿಲ್ಲ?

ಪ್ರಶ್ನೆ: ಬದಿಯಡ್ಕದ ನಿವೃತ್ತ ಟೀಚರ್

ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿರುವುದರಿಂದ ತೋಟಕ್ಕೆ ಇಳಿಯಲಾಗದೆ, ಊಟ ಮುಗಿದ ಮೇಲೆ ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಬಿಂಗೊ ಆಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹಣದ ವ್ಯವಹಾರವಿಲ್ಲದ, ಇಂಟರ್ನೆಟ್ಟೂ ಬೇಡದ ಆಟ ಅದು. ನಮ್ಮ ಹೌಸಿಯ ಹಾಗೆಯೇ ಟಿಕೆಟಿನಲ್ಲಿ ಮೂರು ಸಾಲು, ಸಾಲಿಗೆ ಐದರಂತೆ 15 ಸಂಖ್ಯೆಗಳು. 1ರಿಂದ 90ರವರೆಗಿನ ಸಂಖ್ಯೆಗಳನ್ನು ಕಂಪ್ಯೂಟರು ಒಂದೊಂದಾಗಿ ಕರೆಯುತ್ತದೆ. ನನ್ನ ಎದುರು ಅದರದೇ ಐದು ಟಿಕೆಟುಗಳು.

14 ಸಂಖ್ಯೆ ಹೊಡೆದಾದ ಮೇಲೆ ಕೊನೆಯದೊಂದು ಬರುವುದೇ ಇಲ್ಲ. ನಿನ್ನೆ 47ಕ್ಕಾಗಿ ಕಾದು ಕುಳಿತೆ. 46 ಬಂತು, 48 ಬಂತು, 74 ಕೂಡ ಬಂತು, ಅಷ್ಟರಲ್ಲಿ ಎದುರು ಟಿಕೆಟಿಗೆ ಫುಲ್ ಹೌಸ್ ಆಯಿತು. 20 ಆಟಗಳಲ್ಲಿ ನಾನು ಗೆದ್ದದ್ದು ಮೂರು. ಕಂಪ್ಯೂಟರು ತನ್ನ ಟಿಕೆಟನ್ನೇ ಗೆಲ್ಲಿಸುತ್ತದೆ ಎಂದು ನೆರೆಮನೆಯ ಹುಡುಗ ಖಂಡಿತವಾಗಿ ಹೇಳುತ್ತಾನೆ. ಚೆನ್ನೆಮಣೆಯಲ್ಲಿ ಸೋತರೆ ನನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳಬಹುದು. ಇಲ್ಲಿ ಸೋಲಿಗೆ ಕಾರಣವೇನು?

ಉತ್ತರ: ಮಂಜೇಶ್ವರದ ಗಣಿತ ಅಧ್ಯಾಪಕ

ಟೀಚರ್, ಆರು ಟಿಕೆಟುಗಳಲ್ಲಿ ನಿಮ್ಮದು ಒಂದು. ಆದ್ದರಿಂದ ಆರು ಆಟಕ್ಕೊಂದು ಗೆಲುವು ನಿಮ್ಮ ನ್ಯಾಯವಾದ ಪಾಲು. 20ರಲ್ಲಿ ಮೂರು ಗೆದ್ದಿದ್ದೀರಿ ಎಂದ ಮೇಲೆ ಸಂಶಯಕ್ಕೆ ಅಲ್ಲಿ ಎಡೆಯಿಲ್ಲ.

ಕೊನೆಯ ಸಂಖ್ಯೆಯ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಕರೆಯುವ 90 ಸಂಖ್ಯೆಗಳನ್ನೂ ಬರುವ ಕ್ರಮದಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದಾರೆಂದು ಭಾವಿಸಿ. ನಿಮ್ಮ 15 ಸಂಖ್ಯೆಗಳು ಅಲ್ಲಲ್ಲಿ ನಿಂತು, ಉಳಿದ 75ನ್ನು 16 ಗುಂಪುಗಳಾಗಿ ಒಡೆಯುತ್ತವೆ. ಯಾವ ಗುಂಪೂ ಇನ್ನೊಂದಕ್ಕಿಂತ ದೊಡ್ಡದಾಗಬೇಕಾದ ಕಾರಣವಿಲ್ಲದ್ದರಿಂದ, ಸರಾಸರಿಯಲ್ಲಿ ಪ್ರತಿಯೊಂದರಲ್ಲೂ 4.7ರಷ್ಟು ಸಂಖ್ಯೆಗಳಿರುತ್ತವೆ. ನಿಮ್ಮ ಸಂಖ್ಯೆಯನ್ನೂ ಸೇರಿಸಿದರೆ ಸುಮಾರು 5.7 ಕರೆಗಳು. ಅಂದರೆ ಮೊದಲನೆಯ ಸಂಖ್ಯೆಗೆ ಎಷ್ಟು ಕಾಯಬೇಕೋ ಕೊನೆಯದಕ್ಕೂ ಸರಾಸರಿ ಅಷ್ಟೇ! ಆರಂಭದಲ್ಲಿ ಹದಿನೈದರಲ್ಲಿ ಯಾವುದು ಬಂದರೂ ಸರಿ ಎಂದು ಕುಳಿತಿರುವಾಗ ಕಾದದ್ದು ಗಮನಕ್ಕೆ ಬರುವುದಿಲ್ಲ. ಒಂದಕ್ಕಾಗಿಯೇ ಕಣ್ಣು ನೆಟ್ಟಾಗ ಪ್ರತಿ ಕರೆಯೂ ದೀರ್ಘವಾಗುತ್ತದೆ. ಒಂದೇ ಟಿಕೆಟಿನಲ್ಲಿ ಆಡಿದರೆ ಫುಲ್ ಹೌಸ್ ಸರಾಸರಿ 85ನೆಯ ಕರೆಗೆ ಆಗುತ್ತದೆ. ಆರು ಟಿಕೆಟುಗಳಿದ್ದರೆ ಯಾವುದೋ ಒಂದು ಅದಕ್ಕಿಂತ ಮೊದಲೇ ತುಂಬಿ ನಿಮ್ಮ ಕಾಯುವಿಕೆಯನ್ನು ನಡುವೆಯೇ ತುಂಡರಿಸುವುದರಿಂದ, "ಬರಲೇ ಇಲ್ಲ" ಎಂಬುದೊಂದೇ ನೆನಪಿನಲ್ಲಿ ಉಳಿಯುತ್ತದೆ. ಎದುರಾಳಿಗಳಿಲ್ಲದೆ ಹತ್ತು ಆಟ ಆಡಿ, ಮೊದಲ ಸಂಖ್ಯೆಗೂ ಕೊನೆಯದಕ್ಕೂ ಎಷ್ಟೆಷ್ಟು ಕರೆಗಳಾದುವೆಂದು ಬರೆದಿಡಿ.

ಉತ್ತರ: ಉಪ್ಪಳದ ಓದುಗಿ

ಟೀಚರ್, ನಿಮಗೆ ಚೆನ್ನೆಮಣೆಯ ರುಚಿ ಇರುವುದರಿಂದ ಶಾಲಾಮಕ್ಕಳ ಬಿಂಗೊವನ್ನೇ ಆಡಿ ನೋಡಿ. ಅದೂ ಕಂಪ್ಯೂಟರಿನಲ್ಲಿ ಸಿಗುತ್ತದೆ. ಐದೈದು ಮನೆಗಳ ಚೌಕದಲ್ಲಿ 1ರಿಂದ 25ನ್ನು ನಮಗಿಷ್ಟ ಬಂದಲ್ಲಿ ತುಂಬಿ, ಸರದಿಯಂತೆ ಒಂದೊಂದು ಸಂಖ್ಯೆ ಹೇಳಿ, ಇಬ್ಬರೂ ಅದನ್ನು ಹೊಡೆಯಬೇಕು. ಮೊದಲು ಐದು ಗೆರೆ ಪೂರ್ಣವಾದವರು ಗೆದ್ದಂತೆ. ಅಲ್ಲಿ ಸಂಖ್ಯೆಯನ್ನು ಆರಿಸುವವರು ನಾವೇ. ನಡುಮನೆ ನಾಲ್ಕು ಗೆರೆಗಳಿಗೆ ಸೇರಿದೆ, ಮೂಲೆಯ ಮನೆ ಮೂರಕ್ಕೆ, ಅಂಚಿನ ನಡುವಿನದು ಎರಡಕ್ಕೆ ಮಾತ್ರ. ಆದ್ದರಿಂದ ನಾನು ಯಾವಾಗಲೂ ನಡುಮನೆಯ ಸಂಖ್ಯೆಯನ್ನೇ ಮೊದಲು ಹೇಳುತ್ತೇನೆ.

ಉತ್ತರ: ಕುಂಬಳೆಯಿಂದ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಬಿಂಗೊ ಹೆಸರಿನಲ್ಲಿ ಬಹುಮಾನದ ಆಸೆ ತೋರಿಸಿ ಬ್ಯಾಂಕಿನ ವಿವರ ಕೇಳುವ ಜಾಹೀರಾತುಗಳನ್ನು ದಯವಿಟ್ಟು ಮುಟ್ಟಬೇಡಿ.

ಪ್ರಶ್ನೆ ಕೇಳಿದವರಿಂದ

ಮಾಷೇ, ಎದುರಾಳಿಗಳನ್ನು ತೆಗೆದು ಹತ್ತು ಆಟ ಆಡಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಂಖ್ಯೆಗೆ ಒಟ್ಟು 61 ಕರೆ, ಕೊನೆಯದಕ್ಕೆ 53! ಒಂದು ಆಟದಲ್ಲಿ ಮೊದಲ ಸಂಖ್ಯೆಯೇ 14ನೆಯ ಕರೆಗೆ ಬಂತು. ಬರೆಯದೆ ಇದ್ದಿದ್ದರೆ ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ನೆರೆಮನೆಯ ಹುಡುಗನಿಗೂ ಪಟ್ಟಿಯನ್ನು ತೋರಿಸಿದೆ. ನಾಳೆ ಗೆರೆ ಹಾಕದ ಪುಸ್ತಕ ತರುತ್ತೇನೆ, ಚೌಕದ ಆಟ ಆಡುವ ಎಂದಿದ್ದಾನೆ.